ತೋಳ ಇದ್ದ ಕಡೆ

ಮೇ 28, ಬೆಳಿಗ್ಗೆ

ಮತ್ತೆ ಗುಡ್ಡ ಹತ್ತಿ ಆಂಟೆನಾ ತಿರುಗಿಸಿದೆ. ಟಿಕ್ ಟಿಕ್... ಇವತ್ತೂ ಕಲ್ಲುಕೊರಕಲಿನಿಂದಲೇ. ಅಲ್ಲಿಂದ ಕದಲುತ್ತಿಲ್ಲ. ಮರಿ ಹಾಕಿದ್ದಾಳೆ! ವಿಶ್ವವಿದ್ಯಾಲಯದ ಕ್ಲಾರಾ ಮೇಡಂ ಜೊತೆ ಏಪ್ರಿಲ್‌ನಲ್ಲಿ ನಾನೇ ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿದ ಹೆಣ್ಣು ತೋಳ. ನನ್ನ ಸಂಶೋಧನೆಯ ಸೀಟು ಅವಳನ್ನೇ ನೆಚ್ಚಿಕೊಂಡಿದೆ.

ಕೆಳಗೆ ಗುಡಾರದ ಮುಂದೆ ಸಗಿನಾಲಿ ಮಾವ ಹುಳಿ ಬರಿಸಿದ ಕುದುರೆ ಹಾಲಿನ ಕುಮಿಸ್ ಬಟ್ಟಲು ಹಿಡಿದು ಕಾಯುತ್ತಿದ್ದ. ಅಮ್ಮನ ತಮ್ಮ. ಅಪ್ಪ ಹೋದ ಮೇಲೆ ನನ್ನನ್ನು ನಾರಿನ್ ಪಟ್ಟಣದಲ್ಲಿಟ್ಟು ಓದಿಸಿದವನು.

"ಅಕ್ಕನ ಮಕ್ಕಳು ಬರೋದಕ್ಕಿಂತ ಏಳು ತೋಳ ಬರೋದು ಮೇಲು ಅಂತ ಹಿರೀರು ಸುಮ್ನೆ ಹೇಳಲಿಲ್ಲ. ನೀನು ತೋಳನೂ ಜೊತೆಗೇ ಕರ್ಕೊಂಡು ಬಂದಿದೀಯ!"

ಬೂರುಲ್ ಅತ್ತೆ ಗದರಿದಳು: "ಬಾಯಿಗೊಂದು ಬೀಗ ಹಾಕ್ರೀ, ಮಗು ತಿನ್ಲಿ."

"ಅದಿರ್ಲಿ ಮಗಳೇ, ಎಲ್ಲಿದೆ ಅದು? ಕುದುರೆ ಯಾವ ಕಡೆ ಬಿಡ್ಲಿ?"

ಹೇಳಿದರೆ ಸಂಜೆಯೊಳಗೆ ಗವಿ ಅಗೆದು ಮರಿಗಳನ್ನು ಎಳೆದು ಹಾಕುತ್ತಾರೆ. ಮಂದೆ ಇರುವವರೆಲ್ಲ ಮಾಡುವುದೇ.

"ಕಣಿವೆ ದಾಟಿ ಹೋಗಿದೆ ಮಾವ. ದೂರ."

ನಂಬಿದ. ಕರಿದ ಹಿಟ್ಟಿನ ಬೋರ್ಸೋಕ್ ಇನ್ನೊಂದನ್ನು ನನ್ನ ಕೈಗಿಟ್ಟ.

ಮೇ 31

ಮಾವ ಕುದುರೆಗಳನ್ನು ಕೊರಕಲಿನ ಕಡೆಗೇ ಹೊಡೆದ. ಅಲ್ಲಿ ಹುಲ್ಲು ಚೆನ್ನಾಗಿದೆಯಂತೆ. ಸುಮ್ಮನೆ ನೋಡುತ್ತ ನಿಂತೆ. ನಾಳೆ ಹೇಳಿದರಾಯಿತು...

ಜೂನ್ 2

ಕಂದು ಕುದುರೆಮರಿ ಹೋಯಿತು. ಕೊರಕಲಿನ ಬಾಯಲ್ಲೇ ಬಿದ್ದಿತ್ತು.

ಅತ್ತೆ ಬಕೆಟ್ ಹಿಡಿದು ತಾಯಿ ಕುದುರೆ ಹತ್ತಿರ ಹೋದಳು. ಮರಿ ಕಾಣದೆ ಅದು ಹಾಲು ಇಳಿಸಲಿಲ್ಲ. ಆ ಕಡೆ ತಿರುಗಿ ಕೆನೆಯುತ್ತಲೇ ಇತ್ತು.

ನಾನೇನು ಮಾಡಿದೆ? ಅಳತೆ ಟೇಪು ತೆಗೆದೆ. ಸತ್ತ ಮರಿಯ ಗಂಟಲ ಮೇಲಿನ ಹಲ್ಲಿನ ಗುರುತು ಅಳೆದೆ. ಫೋಟೋ ಹೊಡೆದೆ. ಅತ್ತೆ ನೋಡುತ್ತಿದ್ದಳು.

"ಮುಗೀತಾ? ಇನ್ನು ಎಳೆದು ಹಾಕ್ಲಾ?" ಅಂದಳು, ಅಷ್ಟೇ.

ಮಾವ ಬಂದೂಕು ತೆಗೆದುಕೊಂಡು ಹೋದ. ಸಂಜೆ ಬರಿಗೈಲಿ ಬಂದ. "ಸಿಗ್ಲಿಲ್ಲ."

ಎದೆ ಹಗುರಾಯಿತು. ಥೂ, ನನ್ನ ಜನ್ಮಕ್ಕೆ.

ಜೂನ್ 3

ಸಿಗ್ನಲ್ ಇರುವ ದಿಬ್ಬ ಹತ್ತಿ ಮೇಡಂಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು. "ಶಭಾಷ್ ಆಕ್ಮಾರಲ್! ಪಟ್ಟಿ ಕಟ್ಟಿದ ತೋಳದ ಬೇಟೆಗೆ ಇಷ್ಟು ಸ್ಪಷ್ಟವಾದ ಪುರಾವೆ ಯಾರಿಗೂ ಸಿಕ್ಕಿಲ್ಲ. ಸೀಟು ನಿಂದೇ ಅನ್ಕೋ."

ಯಾರ ಮರಿ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಜೂನ್ 19

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಸೀಟು ಸಿಕ್ಕಿತು. ಮಾವ ಕುರಿ ಕಡಿದ. ಪಕ್ಕದ ಗುಡಾರಗಳಿಗೆಲ್ಲ ಕೂಗಿ ಹೇಳಿದ, "ನಮ್ಮನೇಲಿ ವಿಜ್ಞಾನಿ ಹುಟ್ಟಿದಾಳೆ, ಬನ್ರೋ!"

ಊಟದ ನಡುವೆ ನನ್ನನ್ನು ಪಕ್ಕಕ್ಕೆ ಕರೆದ.

"ಅವತ್ತು ಸಿಗ್ಲಿಲ್ಲ ಅಂದಿದ್ದು ಸುಳ್ಳು. ಸಿಕ್ಕಿತ್ತು. ಕೊರಕಲಲ್ಲೇ, ಎದುರಿಗೇ. ಕುತ್ತಿಗೇಲಿ ನಿನ್ನ ಪಟ್ಟಿ ಕಾಣಿಸ್ತು... ಹೊಡೆಯೋಕೆ ಮನಸ್ಸು ಬರ್ಲಿಲ್ಲ."

ಆಚೀಚೆ ನೋಡಿ ದನಿ ತಗ್ಗಿಸಿದ.

"ನಿನ್ನ ಯಂತ್ರ ಕೆಟ್ಟಿದೆ ಮಗಳೇ. ದೂರ ಇದೆ ಅಂತ ತೋರಿಸ್ತಲ್ಲ, ಇಲ್ಲೇ ಇತ್ತು. ಮೇಡಂಗೆ ಗೊತ್ತಾದ್ರೆ ಸೀಟು ಕಿತ್ಕೋತಾರೇನೋ ಅಂತ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನಿಮ್ಮತ್ತೆಗೂ ಹೇಳಿಲ್ಲ."

ಆಗಲೇ ಹೇಳಬೇಕಿತ್ತು. ಕೈಯಲ್ಲಿ ಕುರಿಯ ಬಾಲದ ಕೊಬ್ಬಿನ ತುಂಡು, ಮರ್ಯಾದೆಯ ಪಾಲು. ಅವನೇ ಆರಿಸಿ ಕೊಟ್ಟದ್ದು. ತಿಂದೆ.

ಜೂನ್ 20, ಬೆಳಿಗ್ಗೆ

ಹೇಳಿದೆ. ಕುದುರೆಗೆ ಜೀನು ಬಿಗಿಯುತ್ತಿದ್ದ.

"ಯಂತ್ರ ಕೆಟ್ಟಿರ್ಲಿಲ್ಲ ಮಾವ. ನಂಗೆ ಗೊತ್ತಿತ್ತು."

ಕೈ ನಿಂತಿತು. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಉಸಿರಾಡುತ್ತಿದ್ದೆ.

"ಇವತ್ತು ಎಲ್ಲಿದೆ?"

ಬೆರಳು ತೋರಿಸಿದೆ. ಕೊರಕಲಿನ ಕಡೆಗೆ. ಈ ಸಲ ನಿಜ.

ತುಂಬ ಹೊತ್ತು ಆ ಕಡೆ ನೋಡಿದ. ಬಂದೂಕು ಗುಡಾರದೊಳಗೆ ಇತ್ತು. ತರಲು ಹೋಗಲಿಲ್ಲ. ಕುದುರೆಗಳನ್ನು ಹುಲ್ಲು ತೆಳುವಾಗಿರುವ ಇಳಿಜಾರಿಗೆ ತಿರುಗಿಸಿದ. ದಿನಾ ಹೊರಡುವಾಗ "ಬರ್ತೀನಿ ಮಗಳೇ" ಅನ್ನುವವನು. ಇವತ್ತು ಅನ್ನಲಿಲ್ಲ. ತಿರುಗಿಯೂ ನೋಡಲಿಲ್ಲ.

ಅತ್ತೆ ಒಳಗಿಂದ ಕೂಗುತ್ತಿದ್ದಾಳೆ. ಚಹಾ ಆರ್ತಿದೆ, ನಿಮ್ಮಾವನ್ನೂ ಕರಿ ಅಂತ. ಒಳಗೆ ಹೋಗಿ ಅವಳಿಗೆ ಏನಂತ—