ಲಕ್ಕುಂಡಿಯ ಬಾವಿಗೆ ಹೊರಟ ಅವ್ವ

ಬೆಟಗೇರಿ
ಗಾಳಿಶಕೆ ಐವತ್ತೆರಡು, ಹದಿಮೂರನೆಯ ತಿಂಗಳು, ಮೂವತ್ತಾರನೆಯ ದಿನ

ಪೆಟ್ರೋಲಿನ ಕಾಲದಲ್ಲಿರುವ ಅಕ್ಕನಿಗೆ,

ಮೇಲಿನ ತಾರೀಖು ನೋಡಿ ಕಾಗದವನ್ನು ಮಡಿಚಿಡಬೇಡಿ. ನಮ್ಮ ಬೇಸಿಗೆ ಹನ್ನೆರಡು ತಿಂಗಳೊಳಗೆ ಹಿಡಿಸದೆ ಹೋದಾಗ ಹಿರಿಯರು ಅದಕ್ಕೆಂದೇ ಒಂದು ತಿಂಗಳನ್ನು ಬೇರೆಯಾಗಿ ಕಟ್ಟಿಕೊಟ್ಟರು. ಮೊದಲ ಮಳೆ ಬೀಳುವವರೆಗೆ ಆ ತಿಂಗಳು ಮುಗಿಯುವುದಿಲ್ಲ, ಹಾಗಾಗಿ ಮೂವತ್ತಾರನೆಯ ದಿನವೂ ಬರುತ್ತದೆ, ಕೆಲವು ವರ್ಷ ಐವತ್ತನೆಯದೂ ಬಂದಿದೆ. ಕಪ್ಪತಗುಡ್ಡದ ಗಾಳಿಗಿರಣಿಗಳಷ್ಟೇ ಊರಿಗೆಲ್ಲ ವಿದ್ಯುತ್ ಕೊಡತೊಡಗಿದ ವರ್ಷದಿಂದ ನಮ್ಮ ಶಕೆ ಎಣಿಕೆಯಾಗುತ್ತದೆ. ನನ್ನ ಮಾತುಗಳು ಅಲ್ಲಲ್ಲಿ ನಿಮಗೆ ವಿಚಿತ್ರವೆನ್ನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಕಾಲೇಜಿನಲ್ಲಿ ಓದಿದ್ದೇನೆ. ಆದರೆ ನಾಲ್ಕು ತಿಂಗಳಿಂದ ನಿದ್ದೆಯಿಲ್ಲದ ತಲೆಯಲ್ಲಿ ಓದಿದ್ದೆಲ್ಲ ಎಷ್ಟು ಉಳಿದಿದೆಯೋ ತಿಳಿಯದು.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಕೂಸಾದ ಮೇಲೆ ನಿದ್ದೆ ಕಳೆದುಕೊಂಡ ತಾಯಂದಿರಿಗೆ ನಮ್ಮ ಸೂಲಗಿತ್ತಿಯರು ಇದನ್ನೊಂದು ಔಷಧಿಯ ಹಾಗೆ ಹೇಳುತ್ತಾರೆ. ಮುಂದಿನವರಿಗೆ ಬರೆದರೆ ಚಿಂತೆ ಹೆಚ್ಚುತ್ತದೆ, ಈಗಿನವರಿಗೆ ಬರೆದರೆ ಬುದ್ಧಿಮಾತು ಬರುತ್ತದೆ, ಹಿಂದಿನವರಿಗೆ ಬರೆಯಿರಿ, ಅವರು ತಿರುಗಿ ಮಾತಾಡುವುದಿಲ್ಲ ಎಂಬುದು ಅವರ ವಾದ. ಈಗ ಮಧ್ಯಾಹ್ನ, ಬಿಸಿಲುಗದದ ಹೊತ್ತು. ಸೂರ್ಯ ನೆತ್ತಿಗೆ ಬರುವ ಮೊದಲೇ ಊರಿನ ಕದಗಳೆಲ್ಲ ಮುಚ್ಚಿ, ಹೊತ್ತು ಇಳಿಯುವವರೆಗೆ ಎಲ್ಲರೂ ಮಲಗಿರುತ್ತಾರೆ. ಒಂದು ಬಿಸಿಗಾಳಿ, ಒಂದು ನಾನು, ಇಬ್ಬರೇ ಎಚ್ಚರ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ವಯಸ್ಸಾದ ತಾಯಿಯನ್ನು ಕರೆದುಕೊಂಡು ಬ್ಯಾಟರಿ ಸೈಕಲ್ ಅಂಗಡಿಯ ಮುಂದೆ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಒದ್ದಾಡುತ್ತಿರುವವರು ನೀವು ಎಂದುಕೊಂಡು ಬರೆಯುತ್ತಿದ್ದೇನೆ.

ನನ್ನ ಹೆಸರು ಸಂಗವ್ವ, ಮಗಳ ಹೆಸರು ಫಕೀರವ್ವ. ನಗಬೇಡಿ, ನಮ್ಮಲ್ಲಿ ಇವು ಈಗಿನ ಹೊಸ ಹೆಸರುಗಳು. ನಮ್ಮ ಅವ್ವನ ಹೆಸರು ಸಾನ್ವಿ. ನಿಮಗೆ ಅದು ತೊಟ್ಟಿಲ ಕೂಸಿನ ಹೆಸರಿರಬಹುದು, ನಮಗೆ ಮುದುಕಿಯರ ಹೆಸರು. ಅವಳಿಗೆ ಎಪ್ಪತ್ತು ಹತ್ತಿರ ಬಂತು. ಎಡ ಮೊಣಕಾಲು ಮೆಟ್ಟಿಲಿಳಿಯುವಾಗ ನೋಯುತ್ತದೆ, ಎಲುಬು ಸವೆದಿದೆಯೆಂದು ವೈದ್ಯರು ಹೇಳಿದ್ದಾರೆ. ಬಾಣಂತನಕ್ಕೆಂದು ತವರಿಗೆ ಬಂದ ನಾನು ಇನ್ನೂ ಇಲ್ಲೇ ಇದ್ದೇನೆ. ಕೂಸಿಗೆ ಎರೆಯುವುದು, ಹೊಗೆ ಹಾಕುವುದು, ನನಗೆ ಬಿಸಿ ಅನ್ನ ಕಲಸಿ ಕೊಡುವುದು, ನಾನು ಸುಮ್ಮಸುಮ್ಮನೆ ಅತ್ತಾಗ ಏನೂ ಕೇಳದೆ ಪಕ್ಕದಲ್ಲಿ ಕೂತಿರುವುದು, ಎಲ್ಲವೂ ಅವಳದೇ. ಹೀಗಿರುವಾಗ ಒಂದು ಸಂಜೆ ಕೂಸಿನ ಕಾಲಿಗೆ ಎಣ್ಣೆ ಉಜ್ಜುತ್ತ ಅಂದಳು: "ಇಷ್ಟ ದಿನ ನಿನ್ನ ಕಾಯ್ದೆ. ಇನ್ನ ಬಾವಿ ಕಾಯ್ತೀನಿ. ಗಾಲಿಮನೀಗೆ ಹೋಗೂಣೇನು?"

ಬಾವಿ ಎಂದರೆ ಲಕ್ಕುಂಡಿಯ ಮೆಟ್ಟಿಲು ಬಾವಿಗಳು. ನಿಮ್ಮ ಕಾಲದಲ್ಲಿ ಜನ ಅವನ್ನು ನೋಡಿ ಹೋಗುತ್ತಿದ್ದರಂತೆ, ನಾವು ಅವುಗಳ ನೀರು ಕುಡಿಯುತ್ತೇವೆ. ಹದಿಮೂರನೆಯ ತಿಂಗಳಲ್ಲಿ ನೀರು ಅಳೆದು ಸುತ್ತಲಿನ ಊರುಗಳಿಗೆ ಹಂಚುವ ಕೆಲಸ ಅರವತ್ತೈದು ದಾಟಿದ ಹೆಂಗಸರದು. ಅದಕ್ಕೆ ಬಾವಿಸರದಿ ಎನ್ನುತ್ತೇವೆ. ಸರದಿಗೆ ಹೆಸರು ಹಚ್ಚಿದವಳು ನೀರಳೆಯುವ ಮೊದಲ ಹಗ್ಗ ಬಾವಿಗೆ ಇಳಿಯುವ ಬೆಳಗ್ಗೆ ತನ್ನ ಕಾಲಿನಿಂದಲೋ ತನ್ನ ಗಾಲಿಯಿಂದಲೋ ಬಂದು ಮುಟ್ಟಬೇಕು. ಯಾರೂ ಕರೆತಂದು ಬಿಡುವಂತಿಲ್ಲ, ಏಕೆಂದರೆ ಮುಂದಿನ ದಿನಗಳಲ್ಲಿ ಅವಳೇ ಬಾವಿಯಿಂದ ಬಾವಿಗೆ, ಓಣಿಯಿಂದ ಓಣಿಗೆ ತಿರುಗಬೇಕು. ಹೊತ್ತು ಹುಟ್ಟುವುದರೊಳಗೆ ಬಾರದಿದ್ದರೆ ಅವಳ ಜಾಗಕ್ಕೆ ಬೇರೆಯವಳು. ಮತ್ತೆ ಸರದಿ ಬರುವಷ್ಟರಲ್ಲಿ ಅವ್ವನಿಗೆ ಎಂಬತ್ತಾಗಿರುತ್ತದೆ. ಸಾಲದ್ದಕ್ಕೆ ಈ ವರ್ಷ ಅವಳ ಶಾಲೆಯ ಗೆಳತಿ, ಲಕ್ಕುಂಡಿಯಲ್ಲೇ ಇರುವ ಮೆಹಕ್ ಖಾಲಾಳ ಸರದಿಯೂ ಜೊತೆಗೇ ಬಿದ್ದಿತ್ತು. "ಇಬ್ಬರೂ ಕೂಡಿ ಒಂದ ಹಗ್ಗಾ ಹಿಡೀಬೇಕಂತ ಎಷ್ಟ ವರ್ಷದ ಆಸೆ ಗೊತ್ತೇನ ನಿನಗ" ಎಂದಳು ಅವ್ವ. ನನಗೆ ಗೊತ್ತಿರಲಿಲ್ಲ.

ನಾನು ಓದಿದ್ದು ಸೇತುವೆಗಳ ಭಾರಶಾಸ್ತ್ರ. ಯಾವುದು ಎಷ್ಟು ಹೊತ್ತರೆ ಎಲ್ಲಿ ಮುರಿಯುತ್ತದೆ ಎಂಬುದೇ ನನ್ನ ವಿದ್ಯೆ. ತಾಯಿಯಾದ ಮೇಲೆ ಆ ವಿದ್ಯೆ ಮನೆಯೊಳಗೇ ತಿರುಗಾಡತೊಡಗಿದೆ. ತೊಟ್ಟಿಲ ಕೊಂಡಿ, ಕೂಸಿನ ಕುತ್ತಿಗೆ, ಅವ್ವನ ಸೊಂಟ, ಎಲ್ಲವೂ ಮುರಿಯುವ ಕ್ಷಣದಲ್ಲೇ ಕಣ್ಣ ಮುಂದೆ ನಿಲ್ಲುತ್ತವೆ. "ಅವ್ವ, ನೀ ಬಿದ್ದರ?" ಎಂದೆ. "ಬಿದ್ದರ ಏಳ್ತೀನಿ." "ಏಳಾಕ ಬರದಂಗ ಬಿದ್ದರ?" "ಹಂಗಾದರ ಮಲಕೊಂಡಿರ್ತೀನಿ, ನಿನಗೂ ಮಲಗೂದು ಹೆಂಗಂತ ತೋರಿಸ್ತೀನಿ" ಎಂದು ಅವಳು ನಕ್ಕಳು. ಒಳಗಿನಿಂದ ಅಪ್ಪನೂ ನಕ್ಕದ್ದು ಕೇಳಿಸಿತು. ನನಗೆ ನಗು ಬರಲಿಲ್ಲ. ಅವ್ವನ ಸಲುವಾಗಿ ಹೆದರುತ್ತಿದ್ದೆ, ನಿಜ. ಅವಳಿಲ್ಲದ ಮನೆಯಲ್ಲಿ ಕೂಸು ಮತ್ತು ನಾನು ಉಳಿಯುವುದಕ್ಕೂ ಹೆದರುತ್ತಿದ್ದೆ.

ಗಾಲಿಮನೆಯೆಂದರೆ ಊರಿನ ಬಂಡಿಗಳನ್ನೆಲ್ಲ ಇಟ್ಟು, ಬೇಕಾದವರಿಗೆ ಅವರವರ ಮೈಗೆ ಹೊಂದಿಸಿ ಕೊಡುವ ಜಾಗ. ನೀವು ಬ್ಯಾಟರಿ ಸೈಕಲ್ ಎನ್ನುವುದು ನಮ್ಮ ತುಳಿಗಾಲಿ. ತುಳಿದಷ್ಟಕ್ಕೆ ಮೋಟರು ತನ್ನ ಪಾಲು ಕೂಡಿಸುತ್ತದೆ. ನಾನು ಮೊದಲೇ ಯೋಚಿಸಿ ಅವ್ವನಿಗೆ ಮೂರು ಗಾಲಿಯದೊಂದನ್ನು ಆರಿಸಿದ್ದೆ. ಅಗಲ ಸೀಟು, ಬೆನ್ನಿಗೆ ಒರಗು, ಎರಡು ಬ್ಯಾಟರಿ, ಮೇಲೊಂದು ನೆರಳು. ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ಹಿಂಭಾಗ ಎತ್ತಿ ನೋಡಿದಳು. ಅಲುಗಲಿಲ್ಲ. "ಇದು ಗಾಲಿ ಅಲ್ಲವಾ ಸಂಗಿ, ಪಲ್ಲಕ್ಕಿ. ಹೊರಾಕ ನಾಕ ಮಂದೀನೂ ಕರಿ." ಆದರೂ ನನ್ನ ಮನಸ್ಸಿಗೆಂದು ಹತ್ತಿ ಅಂಗಳ ಸುತ್ತಿದಳು. ತಿರುವಿನಲ್ಲಿ ಒಳಗಿನ ಗಾಲಿ ನೆಲ ಬಿಟ್ಟು ಎದ್ದಿತು. ಎರಡು ಗಾಲಿಯದು ತಿರುವಿನಲ್ಲಿ ಮೈಯೊಡನೆ ವಾಲುತ್ತದೆ, ಇದು ಸೆಟೆದು ನಿಲ್ಲುತ್ತದೆ, ಆದ್ದರಿಂದ ತೀರ ನಿಧಾನವಾಗಿ ತಿರುಗಿಸಬೇಕು. ಭಾರಶಾಸ್ತ್ರ ಓದಿದ ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ಅವಳೇ ಆರಿಸತೊಡಗಿದಳು. ನಡುವೆ ಅಡ್ಡಪಟ್ಟಿಯಿಲ್ಲದ್ದು ಬೇಕು, ಸೀರೆಯಲ್ಲೂ ಕಾಲು ಮೇಲೆತ್ತದೆ ದಾಟಬೇಕು. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಹತ್ತಬೇಕು. ಬೆರಳು ಸೋತಾಗಲೂ ಹಿಡಿಯುವ ಬ್ರೇಕು ಬೇಕು. ಲಕ್ಕುಂಡಿಗೆ ಹೋಗುವಾಗ ಪಡುವಣ ಗಾಳಿ ಬೆನ್ನಿಗಿರುತ್ತದೆ, ಬರುವಾಗ ಎದೆಗೆ ಬಡಿಯುತ್ತದೆ, ಬ್ಯಾಟರಿ ಬರುವಾಗಿನ ಲೆಕ್ಕಕ್ಕಿರಬೇಕು. ಕೊನೆಗೆ ಗೋಧಿ ಬಣ್ಣದ ಒಂದು ಹಗುರ ತುಳಿಗಾಲಿಯ ಮುಂದೆ ನಿಂತಳು. ನಿಂತವಳು ಹದಿನಾಲ್ಕನೆಯ ವಯಸ್ಸಿನಲ್ಲಿ ಅಣ್ಣನ ಸೈಕಲ್ ಮೇಲೆ ಕಲಿತ ಹಾಗೆ ಎಡಗಾಲು ಪೆಡಲ್ ಮೇಲಿಟ್ಟು, ಬಲಗಾಲಿನಿಂದ ನೆಲ ಒದ್ದು ಕುಪ್ಪಳಿಸಿದಳು. ಪೆಡಲ್ ಮೇಲೆ ಭಾರ ಬಿದ್ದದ್ದೇ ತಡ, ಹೊರಡಬೇಕಂತೆ ಎಂದುಕೊಂಡ ಮೋಟರು ಎಳೆಯಿತು. ಗಾಲಿ ಮುಂದೆ, ಅವ್ವ ಒಂದೇ ಕಾಲಿನ ಮೇಲೆ ಅದರ ಹಿಂದೆ, ಅಂಗಳದ ತುದಿಯ ಹೊಟ್ಟಿನ ಚೀಲಗಳೊಳಗೆ ಇಬ್ಬರೂ. ಮೊಣಕೈ ತರಚಿತ್ತು. ಹೊಸದಾಗಿ ಕಲಿಯುವವರು ಹೀಗೆ ಬೀಳುವುದಿಲ್ಲ. ಚಿಕ್ಕಂದಿನಲ್ಲಿ ಚೆನ್ನಾಗಿ ಕಲಿತವರೇ ಬೀಳುತ್ತಾರೆ. ಮೊದಲು ಬ್ರೇಕು ಹಿಡಿ, ಆಮೇಲೆ ಕೂಡು, ಕಡೆಗೆ ಪೆಡಲ್ ಮುಟ್ಟು: ಇಷ್ಟನ್ನು ಅವಳ ಕಾಲಿಗೆ ಹೊಸದಾಗಿ ಹೇಳಿಕೊಡಬೇಕಿತ್ತು.

"ಸಾಕು, ಹೋಗೂದ ಬ್ಯಾಡ" ಎಂದು ನಾನು ಕೂಗಾಡಿದೆ. ಅಲ್ಲೇ ತಪ್ಪಿದೆ. ನಮ್ಮಲ್ಲೊಂದು ಪದ್ಧತಿಯಿದೆ: ಬೇಡವೆಂದವರೇ ಹಿಂಬಾಲಿಸಬೇಕು. ಹಿರಿಯರು ಗಾಲಿ ಹಿಡಿಯುವುದನ್ನು ಯಾರು ತಡೆಯುತ್ತಾರೋ ಅವರು ಮೊದಲ ದೂರದ ಸವಾರಿಯಲ್ಲಿ ಬೇರೊಂದು ಗಾಲಿಯ ಮೇಲೆ ಹಿಂದಿನಿಂದ ಬರಬೇಕು. ಬಾಯಿ ಬಿಡುವಂತಿಲ್ಲ. ಹಿಂದಿನಿಂದ ಕೂಗಿದರೆ ಮುಂದಿನವರು ಹೊರಳಿ ನೋಡುತ್ತಾರೆ, ನೋಡಿದ ಕಡೆಗೇ ಗಾಲಿ ಹೊರಳುತ್ತದೆ. ಅಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು, "ಬಾಯಿ ಮುಚ್ಚಿಕೊಂಡು ಹೋಗೂದು ನಿನಗ ಲಕ್ಕುಂಡಿಕಿಂತಾ ದೂರ ಆಗತೈತಿ ಮಗಳ" ಎಂದ.

ಮುಂದಿನ ದಿನಗಳಲ್ಲಿ ಅವ್ವ ತಂಪು ಹೊತ್ತಿನಲ್ಲಿ ಖಾಲಿ ಬಯಲಿಗೆ ಹೋಗಿ ನಿಲ್ಲುವುದನ್ನೇ ಕಲಿತಳು. ಓಡಿಸುವುದು ತಾನಾಗಿ ಬರುತ್ತದೆ, ನಿಲ್ಲಿಸುವುದೇ ಕಲಿಕೆ ಎನ್ನುತ್ತಿದ್ದಳು. ಮೋಟರಿನ ಸಹಾಯವನ್ನು ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿಟ್ಟು, ಕಾಲಿಗೆ ನಂಬಿಕೆ ಬಂದ ಮೇಲೆ ಒಂದೊಂದೇ ಹಂತ ಏರಿಸಿದಳು. ಸರದಿಯ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಶಿರಸ್ತ್ರಾಣ ತೊಟ್ಟು, ಸೆರಗು ಸಿಗಿಸಿ, ಸಣ್ಣ ಗಂಟೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟಳು. ಹಿಂದೆ ನಾನು. ನೆರಳುದಾರಿಯ ಮೇಲ್ಛಾವಣಿಯ ಫಲಕಗಳಡಿ ದಾರಿ ಇನ್ನೂ ತಂಪಾಗಿತ್ತು. ಅವಳ ಬೆನ್ನನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ ಅಕ್ಕ. ಮನೆಯಲ್ಲಿ ಬಾಗಿರುವ ಬೆನ್ನು ಅಲ್ಲಿ ನೆಟ್ಟಗಿತ್ತು.

ಊರು ದಾಟುವಲ್ಲಿ ಊರಗಾಡಿಯ ಹಳಿಗಳು ದಾರಿಯನ್ನು ಓರೆಯಾಗಿ ಕತ್ತರಿಸುತ್ತವೆ. ಓರೆಯಾಗಿಯೇ ದಾಟಿದರೆ ಗಾಲಿ ಹಳಿಯ ಸಂದಿಗೆ ಬೀಳುತ್ತದೆ. ಅವ್ವ ಅದರತ್ತ ನೇರ ಹೋಗುತ್ತಿದ್ದಳು. ಕೂಗು ಗಂಟಲಿಗೆ ಬಂದಿತ್ತು, ನಾಲಿಗೆ ಕಚ್ಚಿ ಹಿಡಿದೆ. ಅವಳು ವೇಗ ಇಳಿಸಿದಳು, ನಿಂತಳು, ಇಳಿದಳು. ನಡಿಗೆಯ ಗುಂಡಿ ಒತ್ತಿ, ತಾನಾಗಿ ಮೆಲ್ಲಗೆ ಉರುಳುವ ಗಾಲಿಯ ಪಕ್ಕ ನಡೆಯುತ್ತ, ಹಳಿಗಳನ್ನು ನೆಟ್ಟಗೆ ದಾಟಿ, ಮತ್ತೆ ಹತ್ತಿ ಹೋದಳು. ನಾನು ಇಳಿಯದೆ ಹಿಂದೆಯೇ ತುಳಿದೆ. ಅವಳ ಬೆನ್ನಿನ ಮೇಲೆ ನೆಟ್ಟ ಕಣ್ಣನ್ನು ಮಾತ್ರ ಕೀಳಲಿಲ್ಲ. ಮರುಕ್ಷಣ ನನ್ನ ಮುಂದಿನ ಗಾಲಿ ಅದೇ ಸಂದಿಗೆ ಸಿಕ್ಕು ನಾನು ನೆಲದ ಮೇಲಿದ್ದೆ. ಬಿದ್ದಾಗಲೂ ಬಾಯಿ ಬಿಡಲಿಲ್ಲ, ಪದ್ಧತಿ ಪದ್ಧತಿಯೇ.

ಅವ್ವ ಹಿಂತಿರುಗಿ ನಡೆದು ಬಂದಳು. "ಕನ್ನಡಿಯೊಳಗ ಇದ್ದಿ, ಆಮ್ಯಾಲ ಇರಲಿಲ್ಲ" ಎನ್ನುತ್ತ ಕೂತು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಲ್ಲಿ ಒತ್ತಿ ನೋಡಿದಳು. "ಮುರಿದಿಲ್ಲ. ಉಳುಕೈತಿ." ಮೂಡಣ ಬೆಳ್ಳಗಾಗುತ್ತಿತ್ತು. ಅವಳು ಆ ಕಡೆಗೊಮ್ಮೆ ನೋಡಿ, ನನ್ನ ಪಾದ ನೋಡಿ, ಎದ್ದು ತನ್ನ ಗಾಲಿಯನ್ನು ಬೆಟಗೇರಿಯ ಕಡೆ ತಿರುಗಿಸಿ ನಿಲ್ಲಿಸಿದಳು.

ನನಗೆ ಬೇಕಾಗಿದ್ದುದು ಅದೇ ಅಲ್ಲವೇ? ನಾನು ಬಾಯಿ ಮುಚ್ಚಿಕೊಂಡು ಕುಂಟಿದ್ದರೆ ಸಾಕಿತ್ತು, ಅವ್ವ ಮನೆಗೆ ಬರುತ್ತಿದ್ದಳು. ಅರಿಸಿನ ಅರೆದು ಹಚ್ಚುತ್ತಿದ್ದಳು, ಕೂಸಿಗೆ ಎರೆಯುತ್ತಿದ್ದಳು, ಲಕ್ಕುಂಡಿಯ ಮಾತನ್ನು ಎಂದೂ ಎತ್ತುತ್ತಿರಲಿಲ್ಲ. ಎತ್ತುವುದಿಲ್ಲ ಎಂಬುದು ನನಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದೇ ನನ್ನ ಬಾಯಿ ಬಿಡಿಸಿತು. "ಅವ್ವ, ಹೊಳ್ಳಿಸ ಗಾಲಿ. ನೀ ನಡಿ. ನಾ ಅಪ್ಪಗ ಕರೀತೀನಿ."

"ಕೂಸು?"

"ಅದರ ಅವ್ವ ಅದಾಳ."

ಅವಳು ಗಾಲಿಯನ್ನು ಲಕ್ಕುಂಡಿಯ ಕಡೆ ಹೊರಳಿಸಿದಳು. "ನಾ ಮತ್ತ ಹೊಳ್ಳಿ ನೋಡೂದಿಲ್ಲ ನೋಡು."

"ನೋಡಬ್ಯಾಡ."

ಬ್ರೇಕು ಹಿಡಿದಳು. ಕೂತಳು. ಆಮೇಲೆ ಪೆಡಲ್ ಮುಟ್ಟಿದಳು. ಬೆನ್ನಿಗೆ ಗಾಳಿಯಿತ್ತು, ಹಾಗಾಗಿ ಬೇಗ ಸಣ್ಣವಳಾದಳು. ನಾನು ಹಳಿಯ ಪಕ್ಕದ ಕಲ್ಲಿನ ಮೇಲೆ ಕೂತು ಅವಳು ಕಾಣುವವರೆಗೆ ನೋಡಿದೆ, ಕಾಣದಾದ ಮೇಲೂ ನೋಡಿದೆ. ಮನೆ ಮುಟ್ಟಿ ಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾಗ ಮೆಹಕ್ ಖಾಲಾಳ ಕರೆ ಬಂತು. "ನಿಮ್ಮವ್ವ ಬಂದು ಮುಟ್ಟ್ಯಾಳ, ಹಗ್ಗಕ್ಕ ಕೈನೂ ಹಚ್ಯಾಳ. ಏನವಾ, ಕಾಯಾಕ ಬಂದಾಕಿನ ಬಿದ್ದಿಯಂತ? ನಿನಗೊಂದು ಮೂರು ಗಾಲೀದು ನೋಡೂಣೇನು?" ಹಿಂದೆ ಅವ್ವ ನಗುತ್ತಿದ್ದದ್ದು ಬಾವಿಯೊಳಗಿಂದ ಬಂದ ಹಾಗೆ ದೊಡ್ಡದಾಗಿ ಕೇಳಿಸಿತು. ಆ ನಗು ನಮ್ಮ ಮನೆಯಲ್ಲಿ ನಾನು ಕೇಳಿದ್ದಲ್ಲ.

ಹೆದರಿಕೆ ಹೋಗಿದೆಯೆಂದು ಬರೆದರೆ ಸುಳ್ಳಾದೀತು. ಸರದಿ ಮುಗಿಸಿ ಅವಳು ಎದುರುಗಾಳಿಯಲ್ಲಿ ಬರಬೇಕು, ಆ ಹಳಿಗಳನ್ನು ಮತ್ತೆ ದಾಟಬೇಕು. ಅವಳು ಎಂದಾದರೂ ಬಿದ್ದಾಳು, ಏಳಲಾರದಂತೆಯೂ ಬಿದ್ದಾಳು. ನಿಮ್ಮ ತಾಯಿಯೂ ಅಷ್ಟೇ. ನಾನು ಭವಿಷ್ಯದಲ್ಲಿದ್ದರೂ ಆ ಭರವಸೆ ಕೊಡಲಾರೆ.

ಆದರೆ ಒಂದು ಬೇಡಿಕೆಯಿದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂಬುದು ನಿಮಗೂ ಗೊತ್ತಿರುತ್ತದೆ, ಈಗಲೂ ನಾವು ಕೇಳುವುದಿಲ್ಲ. ದೂರ ಹೊರಟಿರೇನು ಎನ್ನುತ್ತೇವೆ. ಅಂಗಡಿಯೊಳಗೆ ಕಾಲಿಡುವ ಮೊದಲು, ಬಿದ್ದರೇನು ಗತಿ ಎಂದು ಕೇಳುವ ಮೊದಲು, ಬ್ರೇಕು, ಸೀಟು, ಬ್ಯಾಟರಿ ಎಲ್ಲದಕ್ಕಿಂತ ಮೊದಲು, ನಿಮ್ಮ ತಾಯಿಯನ್ನು ಅದೊಂದು ಮಾತು ಕೇಳಿ: "ದೂರ ಹೊಂಟೀ ಏನವಾ?" ಅವಳು ಹೇಳುವವರೆಗೆ ಕಾಯಿರಿ. ಹೇಳಿದ ದೂರ ಎಷ್ಟೋ ಅಷ್ಟಕ್ಕೆ ತಕ್ಕ ಗಾಲಿ ಕೊಡಿಸಿ.

ನಿಮ್ಮ ಮುಂದಿನ ಕಾಲದ ತಂಗಿ,
ಸಂಗವ್ವ