ಕೇರಬೀಜದ ಗುರುತು

ಗಾಂಧಿ ಚೌಕ, ವಿಜಾಪುರ
೯-೨-೧೯೭೭

ಅಕ್ಕ ಸಖೂಬಾಯಿಗೆ ತಮ್ಮ ಪ್ರಲ್ಹಾದನ ನಮಸ್ಕಾರ.

ಈಗ ನನ್ನ ಮಾತು ಪೂರ್ತಿ ನಿಂತಿದೆ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಈ ಗಂಟಲ ಕ್ಯಾನ್ಸರಿಗೆ ಮುಂಬಯಿಯಲ್ಲಿ ಹೊಸ ಚುಚ್ಚುಮದ್ದಿನ ಪ್ರಯೋಗ ನಡೆದಿದೆಯಲ್ಲ, ಅದಕ್ಕೆ ಸೇರೆಂದು ನೀನು ನಿಡೋಣಿಯಿಂದ ಎರಡು ಸಲ ಹೇಳಿ ಕಳಿಸಿದೆ. ಇಲ್ಲಿನ ಡಾಕ್ಟರು ನನ್ನ ಎಡತೋಳಿಗೆ ಏನೋ ಔಷಧಿ ಹಚ್ಚಿ, "ಇದು ಕೆಂಪಗಾಗಿ ಉಬ್ಬಿದ್ರ ನಿಮ್ಮ ಮೈ ಇನ್ನೂ ಕಾದಾಡಾಕತ್ತೈತಿ ಅಂತ ತಿಳೀರಿ. ಅಂಥಾವ್ರಿಗೇ ಆ ಮದ್ದು ನಾಟತೈತಿ. ಹೋಗೂದು ಬಿಡೂದು ನಿಮಗ ಬಿಟ್ಟದ್ದು" ಎಂದರು.

ವಾರವಾದರೂ ಉಬ್ಬಲಿಲ್ಲ. ನಮ್ಮ ಮನೆಯಾಕೆ ತುಂಗಾ ಮಾತ್ರ ದಿನಾ ತೋಳು ಹಿಡಿದು, "ಇವತ್ತ ಸ್ವಲ್ಪ ಕೆಂಪಾಗೇತಿ ನೋಡ್ರಿ" ಅನ್ನುತ್ತಿದ್ದಳು.

ಭಾನುವಾರ ಒಂದು ತಪ್ಪು ಮಾಡಿದೆ. ನಮ್ಮ ಲಾಂಡ್ರಿಯಲ್ಲಿ ಗಿರಾಕಿಗಳ ಬಟ್ಟೆಗೆ ಗುರುತು ಹಾಕುವ ಕೇರಬೀಜದ ರಸವನ್ನು ಅದೇ ಜಾಗಕ್ಕೆ ಹಚ್ಚಿಕೊಂಡೆ. ಸಣ್ಣವನಿದ್ದಾಗ ಅದನ್ನು ಮುಟ್ಟಿ ನನ್ನ ಕೈಯೆಲ್ಲ ಬೊಬ್ಬೆ ಎದ್ದದ್ದು, ನೀನು ಕೊಬ್ಬರಿ ಎಣ್ಣೆ ಸವರಿದ್ದು ನೆನಪಿದೆಯಲ್ಲ? ಅಂಥ ಬೊಬ್ಬೆ ತೋರಿಸಿ ಸೇರಿಬಿಡೋಣ ಎಂದುಕೊಂಡೆ.

ಬರುವ ಸೋಮವಾರ ಡಾಕ್ಟರಿಗೆ ತೋಳು ತೋರಿಸಬೇಕು. ನಾನು ಹೋಗುವುದಿಲ್ಲ. ನೀನು ಬಂದು ತುಂಗಾಳ ಹತ್ತಿರ ಸ್ವಲ್ಪ ದಿನ ಇರು. ಗಿರಾಕಿಗಳ ಬಟ್ಟೆಯೆಲ್ಲ ಇಸ್ತ್ರಿ ಮಾಡಿಟ್ಟಿದ್ದೇನೆ. ಗುರುತು ನೋಡಿ ಅವರವರ ಮನೆಗೆ ಮುಟ್ಟಿಸಿರಿ. ತುಂಗಾಳಿಗೆ ಕಾಣದಿರಲೆಂದು ತುಂಬುತೋಳಿನ ಅಂಗಿ ಹಾಕಿಕೊಂಡಿದ್ದೇನೆ. ಅವಳೆದುರು ತೋಳು ತೋರಿಸು ಅನ್ನಬೇಡ.

ಆ ರಸ ಹಚ್ಚಿ ಮೂರು ದಿನವಾಯಿತು, ಒಂದು ಗುಳ್ಳೆಯೂ ಎದ್ದಿಲ್ಲ, ತುರಿಕೆ ಕೂಡ ಇಲ್ಲ. ಯಾರದೋ ಧೋತರಕ್ಕೆ ಹಾಕಿದ ಹಾಗೆ ಕಪ್ಪು ಗುರುತೊಂದು ಸುಮ್ಮನೆ ಕೂತಿದೆ.

ನಿನ್ನ ತಮ್ಮ
ಪ್ರಲ್ಹಾದ