ಸಂಜೆ ಐದರೊಳಗೆ ರಾಂಚಿ

ಸಾಗರ
೧೨ ಜನವರಿ ೨೦೨೬

ಪ್ರೀತಿಯ ಮಗ ಸಚಿನ್‌ಗೆ ಅಪ್ಪ ಬೆಳ್ಳಪ್ಪನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ನಿನ್ನ ಗಡಿ ಠಾಣೆಗೆ ಫೋನು ಸಿಗುವುದಿಲ್ಲ, ಅದಕ್ಕೇ ಈ ಕಾಗದ. ಚಳಿಗೆ ಬೆರಳು ಮರಗಟ್ಟುವುದು ಕಡಿಮೆಯಾಯಿತೇ? ಅಮ್ಮ ಕಳಿಸಿದ ಎಣ್ಣೆ ಹಚ್ಚಿಕೊ, ಟ್ರಂಕಿನಲ್ಲೇ ಇಟ್ಟುಬಿಡಬೇಡ. ಇಲ್ಲಿ ನಾವಿಬ್ಬರು, ಸೊಸೆ ಸುಮನಾ ಎಲ್ಲರೂ ಸೌಖ್ಯ. ನಿನ್ನ ಮಗಳ ಸುದ್ದಿ ಮಾತ್ರ ಒಂದು ಸಾಲಿಗೆ ಮುಗಿಯುವಂಥದ್ದಲ್ಲ. ಕೂತು ಓದು.

ಗಾನವಿ ರಾಜ್ಯದ ಕುಸ್ತಿ ತಂಡಕ್ಕೆ ಆಯ್ಕೆಯಾದಾಗ ‘ಇದೊಂದ್ಸಲ ಹೋಗ್ಲಿ, ಸಾಕು’ ಅಂದಿದ್ದೆಯಲ್ಲ, ಆ ರಾಂಚಿಗೆ ನಾನೂ ಅವಳೂ ಹೋಗಿಬಂದೆವು. ಕಾರ್ಗಲ್‌ನಲ್ಲಿ ಅವಳಿಗೆ ಕುಸ್ತಿ ಕಲಿಸುವ ಯೋಗರಾಜ್ ಮೇಷ್ಟ್ರು ತಂಡದ ಜೊತೆ ಮೊದಲೇ ರೈಲು ಹತ್ತಿದ್ದರು. ಇವಳಿಗೆ ಆರನೇ ತಾರೀಕು ಬೆಳಿಗ್ಗೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಏಳರ ಸಂಜೆ ಐದಕ್ಕೆ ರಾಂಚಿಯಲ್ಲಿ ತೂಕ. ಆ ಹೊತ್ತಿಗೆ ತೂಕಕ್ಕೆ ನಿಲ್ಲದಿದ್ದರೆ ಕಣಕ್ಕೆ ಇಳಿಸುವುದಿಲ್ಲ. ವಿಮಾನ ಬಿಟ್ಟರೆ ದಾರಿ ಇರಲಿಲ್ಲ.

ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ತಡವಾದ ಬಸ್ಸುಗಳನ್ನು ಮೈಕಿನಲ್ಲಿ ಕೂಗಿದವನು ನಾನು. ವಿಮಾನವನ್ನು ಮಾತ್ರ ಹೇಗೆ ನಂಬಲಿ? ಮಧ್ಯಾಹ್ನದ್ದು ಸಾಕೆಂದಳು ಸುಮನಾ, ನಾನು ಏಳರ ಬೆಳಿಗ್ಗೆ ಆರು ಗಂಟೆಯದ್ದಕ್ಕೇ ಟಿಕೆಟ್ ಮಾಡಿಸಿದೆ. ಅದು ತಪ್ಪಿದರೆ ಇನ್ಯಾವುದು ಎಂದು ಅದೇ ಕಂಪನಿಯ ಬೇರೆ ವಿಮಾನಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಷೂ, ಕುಸ್ತಿಯ ಉಡುಪು, ಗುರುತಿನ ಚೀಟಿ ಕೈಚೀಲಕ್ಕೆ. ‘ಯುದ್ಧಕ್ಕೆ ಹೊರಟಂಗೆ ಮಾಡ್ತೀರಲ್ಲ’ ಎಂದು ನಿನ್ನ ಅಮ್ಮ ನಕ್ಕಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆರು ಎಂದದ್ದು ಎಂಟಾಯಿತು, ಎಂಟು ಒಂಬತ್ತೂವರೆಯಾಯಿತು. ಜನ ಕೌಂಟರಿನ ಹುಡುಗಿಯ ಮೇಲೆ ಕೂಗಾಡುತ್ತಿದ್ದರು. ಕೂಗಾಡಿದ್ದಕ್ಕೆ ಬಸ್ಸು ಬೇಗ ಬಂದದ್ದನ್ನು ನಾನು ಕಂಡಿಲ್ಲ. ಮೆಲ್ಲಗೆ, ‘ಅಮ್ಮಾ, ನಮ್ ವಿಮಾನ ಈಗ ಎಲ್ಲಿದೆ?’ ಎಂದು ಕೇಳಿದೆ. ಅವಳು ಪರದೆ ನೋಡಿ ದನಿ ತಗ್ಗಿಸಿದಳು: ‘ದೆಹಲಿಯಲ್ಲೇ ಇದೆ ಸರ್. ಮಂಜು, ಹೊರಟೇ ಇಲ್ಲ.’ ಒಂಬತ್ತೂವರೆ ಸುಳ್ಳೆಂದು ಅಲ್ಲೇ ತಿಳಿಯಿತು. ಹಾಳೆ ತೆಗೆದು, ಕೋಲ್ಕತ್ತಾ ಮೇಲೆ ಹೋಗುವುದರಲ್ಲಿ ಎರಡು ಸೀಟು ಕೇಳಿದೆ. ಕೊಟ್ಟಳು. ನಮ್ಮ ಹಿಂದೆ ಕೇಳಿದವರಲ್ಲಿ ನಾಲ್ವರಿಗಷ್ಟೇ ಸಿಕ್ಕಿತು. ನಮ್ಮ ಮೊದಲಿನ ವಿಮಾನ ಬೆಂಗಳೂರು ಬಿಟ್ಟದ್ದು ಮೂರು ಗಂಟೆಗಂತೆ!

ತಡವಾಯಿತೆಂದು ಇಡ್ಲಿ-ವಡೆಯ ಕೂಪನ್ ಕೊಟ್ಟಿದ್ದರು. ಗಾನವಿಯದು ನಲವತ್ತಾರು ಕೆ.ಜಿ. ವಿಭಾಗ, ಇನ್ನೂರು ಗ್ರಾಂ ಮೇಲೆ ಹೋದರೂ ಎಲ್ಲ ವ್ಯರ್ಥ. ಬರೀ ತುಟಿ ಒದ್ದೆ ಮಾಡಿಕೊಂಡು ಕೂತಿತ್ತು ಮಗು. ಅದರೆದುರು ನನಗೆ ತುತ್ತು ಇಳಿಯಲಿಲ್ಲ. ‘ಅಜ್ಜ, ತಿನ್ನಿ. ಶುಗರ್ ಇಳ್ದು ಬಿದ್ರೆ ಎತ್ತೋರ್ಯಾರು? ನಿಮ್ ತೂಕ ನನ್ ವಿಭಾಗದ್ದಲ್ಲ’ ಎಂದು ಗದರಿಸಿಯೇ ತಿನ್ನಿಸಿದಳು.

ಕೋಲ್ಕತ್ತಾದಲ್ಲಿ ಮತ್ತೆ ಐವತ್ತು ನಿಮಿಷ ಕೂರಿಸಿದರು. ದೊಡ್ಡ ಬ್ಯಾಗು ಅಲ್ಲೇ ಉಳಿಯಿತು. ರಾಂಚಿಯಲ್ಲಿ ಇಳಿದು, ಅದಕ್ಕಾಗಿ ಒಂದು ನಿಮಿಷವೂ ಕಾಯದೆ, ಕೈಚೀಲ ಹಿಡಿದು ಆಟೋದಲ್ಲಿ ಕ್ರೀಡಾಂಗಣ ಮುಟ್ಟಿದಾಗ ಐದಕ್ಕೆ ಹನ್ನೆರಡು ನಿಮಿಷವಿತ್ತು. ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ತಕ್ಕಡಿಯಲ್ಲಿ ನಲವತ್ತೈದು ಮುಕ್ಕಾಲು!

ಮರುದಿನ ನಾಲ್ಕು ಕುಸ್ತಿ. ಫೈನಲ್‌ನಲ್ಲಿ ಹರಿಯಾಣದ ಹುಡುಗಿ ಮೊದಲೇ ಆರು ಅಂಕ ಹೊಡೆದಳು. ಮುಗಿಯಿತೆಂದುಕೊಂಡೆ. ಕೊನೆಯ ನಿಮಿಷದಲ್ಲಿ ನಮ್ಮವಳು ಬಗ್ಗಿ ಕಾಲಿಗೆ ಕೈಹಾಕಿ ಎತ್ತಿ ಕೆಡವಿ, ಎರಡೂ ಭುಜ ನೆಲಕ್ಕೆ ಒತ್ತಿಹಿಡಿದಳು. ಹಾಗೆ ಒತ್ತಿದರೆ ಅಂಕ ಎಷ್ಟೇ ಇರಲಿ, ಗೆದ್ದಂತೆಯೇ. ಚಿನ್ನ ಕಣೋ ಸಚಿನ್, ಚಿನ್ನ! ಮೇಷ್ಟ್ರು ನನ್ನನ್ನು ತಬ್ಬಿಕೊಂಡರು.

ಮೈ ಜೋಪಾನ. ನಿನ್ನ ಜೊತೆಯವರಿಗೆಲ್ಲ ಈ ಮುದುಕನ ನಮಸ್ಕಾರ ತಿಳಿಸು.

ಇತಿ ನಿನ್ನ ಅಪ್ಪ,
ಬೆಳ್ಳಪ್ಪ

ಮರೆತಿದ್ದೆ: ಗಾನವಿಗೆ ಆರು ತಿಂಗಳ ರಾಷ್ಟ್ರೀಯ ಶಿಬಿರಕ್ಕೆ ಕರೆ ಬಂದಿದೆ. ಹೆತ್ತವರ ಒಪ್ಪಿಗೆ ಪತ್ರ ಇದರೊಳಗಿದೆ, ಸಹಿಯಾಗಿ ತಿಂಗಳ ಕೊನೆಯೊಳಗೆ ಶಿಬಿರಕ್ಕೆ ತಲುಪಬೇಕು. ಅಂಚೆ ತಡವಾದೀತೆಂದು ಇನ್ನೊಂದು ಪ್ರತಿಯನ್ನು, ರಜೆ ಮುಗಿಸಿ ಬರುತ್ತಿರುವ ನಿಮ್ಮ ಠಾಣೆಯ ಹೊಸನಗರದ ಶಿವು ಕೈಯಲ್ಲಿ ಕೊಟ್ಟಿದ್ದೇನೆ. ತಾಯಿಯ ಸಹಿಯೂ ನಡೆಯುತ್ತದೆ ಎಂದರು ಮೇಷ್ಟ್ರು. ಸುಮನಾ ಪೆನ್ನು ತೆಗೆದದ್ದೂ ಆಗಿತ್ತು. ಗಾನವಿ ಬಿಡಲಿಲ್ಲ. ‘ಅಪ್ಪಾನೇ ಹಾಕ್ಲಿ’ ಎಂದು ಆ ಜಾಗ ಖಾಲಿ ಬಿಟ್ಟಿದ್ದಾಳೆ.